ಫಿಲ್ ಕ್ಯಾಸಿಡಿಯ ತೋಳು

ಶಹಾಪುರದಿಂದ ಸುರಪುರಕ್ಕೆ ಬಸ್ಸಿನಲ್ಲಿ ಹೋಗುವಾಗ ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗ ಮೊಬೈಲಿನಿಂದ ತಲೆ ಎತ್ತದೆಯೇ ಹೇಳಿದ: "ಮಾಮಾ, ನಿಮ್ಮ ಹಳೇ ಜಿಟಿಎ ಅದಲ್ಲ, ಬರೇ ಹಿಂದಿನ ಕಥಿ ಹೇಳಿ ಹೇಳಿ ಗೋಜಲು ಮಾಡಿಟ್ಟಾರ. ಒಂದಕ್ಕೊಂದು ತಾಳಮೇಳ ಇಲ್ಲ."

ಈ ಮಾತು ಅವನದಲ್ಲ. ವಿಡಿಯೊ ಗೇಮ್‌ಗಳ ಬಗ್ಗೆ ತಿಳಿದವರಂತೆ ಮಾತಾಡುವ ಎಲ್ಲರ ಬಾಯಲ್ಲೂ ಇದೇ ತೀರ್ಪು: ಒಂದು ಸರಣಿ ಮುಂದಕ್ಕೆ ಹೋಗಲಾಗದೆ ಹಿಂದಕ್ಕೆ ಹೊರಳಿತೆಂದರೆ ಅಲ್ಲಿಗೆ ಅದರ ಕಥೆ ಮುಗಿಯಿತು, ಪ್ರೀಕ್ವೆಲ್ ಎಂದರೆ ಸಿಕ್ಕು. ಕೇಳಿ ಕೇಳಿ ಸುಮ್ಮನಿದ್ದೆ. ಆದರೆ ಸ್ವಂತ ಅಳಿಯನ ಬಾಯಿಂದ, ಅದೂ ನಾನು ಜೀವನದ ಎರಡು ಬೇಸಿಗೆ ರಜೆ ಸುರಿದ ಸರಣಿಯ ಬಗ್ಗೆ ಕೇಳಿದಾಗ ಮೈ ಉರಿಯಿತು.

ಲೆಕ್ಕಕ್ಕೆ ಅವನು ಹೇಳಿದ್ದು ಸರಿಯೇ. 2001ರ ಅಕ್ಟೋಬರಿನಲ್ಲಿ ಬಂದ ಜಿಟಿಎ ತ್ರೀ ನಡೆಯುವುದು 2001ರಲ್ಲೇ. ಮರುವರ್ಷದ ವೈಸ್ ಸಿಟಿ 1986ಕ್ಕೆ ಹಾರಿತು. 2004ರ ಸ್ಯಾನ್ ಆಂಡ್ರಿಯಾಸ್ 1992ರಲ್ಲಿ, 2005ರ ಲಿಬರ್ಟಿ ಸಿಟಿ ಸ್ಟೋರೀಸ್ 1998ರಲ್ಲಿ, 2006ರ ವೈಸ್ ಸಿಟಿ ಸ್ಟೋರೀಸ್ 1984ರಲ್ಲಿ. ಐದು ವರ್ಷ ಈ ಸರಣಿ ಮುಂದಕ್ಕೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಬಂದದ್ದೆಲ್ಲ ಮೊದಲನೆಯದರ ಹಿಂದಿನ ಕಥೆ. ತಾರೀಖುಗಳನ್ನು ಪಟ್ಟಿ ಮಾಡಿ 1984ರಿಂದ ಆಡುತ್ತ ಬಂದವನಿಗೆ ಗೋಜಲೆನ್ನಿಸಿದರೆ ಆಶ್ಚರ್ಯವಿಲ್ಲ. ಶಹಾಪುರದ ಗುಡ್ಡ ಒಂದು ಕಡೆಯಿಂದ ನೋಡಿದರೆ ಮಲಗಿದ ಬುದ್ಧ. ತಲೆಯಿಂದ ಕಾಲಿನವರೆಗೆ ಅಳೆಯುತ್ತೇನೆಂದು ಮೇಲೆ ಹತ್ತಿದವನಿಗೆ ಸಿಗುವುದು ಬಂಡೆ, ಜಾಲಿಮುಳ್ಳು.

ನಾವು ಈ ಕಥೆ ಕೇಳಿದ ರೀತಿಯೇ ಬೇರೆ. ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ, ಗುಲಬರ್ಗಾಕ್ಕೆ ಸೇರಿತ್ತು. ಪಿಯುಸಿ ಓದುತ್ತಿದ್ದಾಗ ಹೋಗುತ್ತಿದ್ದ ನೆಟ್ ಸೆಂಟರಿನಲ್ಲಿ ನಾಲ್ಕು ಕಂಪ್ಯೂಟರು, ಪ್ರತಿಯೊಂದರ ಮುಂದೆ ಒಬ್ಬ ಆಡುವವನು, ಅವನ ಹಿಂದೆ ನೋಡುವವರು ಐದಾರು ಜನ. ಗೋಡೆಗೆ ಅಂಟಿಸಿದ್ದ ಉದ್ದ ನೋಟ್‌ಬುಕ್ಕಿನ ಹಾಳೆಯಲ್ಲಿ ಚೀಟ್ ಕೋಡುಗಳು: ಪ್ಯಾಂಜರ್, ಆಸ್ಪಿರಿನ್, ಲೀವ್ ಮಿ ಅಲೋನ್. ಟ್ಯಾಂಕಿನ ಕೋಡಿನ ಮೇಲೆ ಬೆರಳಿಟ್ಟೂ ಇಟ್ಟೂ ಹಾಳೆ ಅಲ್ಲಿ ಕರ್ರಗಾಗಿತ್ತು. ವೈಸ್ ಸಿಟಿಯಲ್ಲಿ ಆಟ ಉಳಿಸಬೇಕೆಂದರೆ ಓಷನ್ ವ್ಯೂ ಹೋಟೆಲಿಗೆ ವಾಪಸು ಬಂದು, ತಿರುಗುತ್ತಿರುವ ಕ್ಯಾಸೆಟ್ಟಿನ ಮೇಲೆ ನಿಲ್ಲಬೇಕು. ಅಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಆಟಿಕೆ ಹೆಲಿಕಾಪ್ಟರಿನಿಂದ ಕಟ್ಟಡಕ್ಕೆ ಬಾಂಬಿಡುವ ಮಿಷನ್ ದಾಟಿದವರು ನಮ್ಮೂರಲ್ಲಿ ಕೈಬೆರಳೆಣಿಕೆ.

ಇನ್ನೊಂದು ಮಾತು. ನಮಗೆ ಸಿಕ್ಕಿದ್ದು ಹಿಂಡಿ ಸಣ್ಣದು ಮಾಡಿದ ಕಳ್ಳ ಪ್ರತಿ. ಜಾಗ ಉಳಿಸಲು ಅದರಲ್ಲಿ ರೇಡಿಯೊ ಹಾಡು ತೆಗೆದಿದ್ದರು, ಮಾತೂ ತೆಗೆದಿದ್ದರು. ಆಟದ ನಾಯಕ ಟಾಮಿ ವರ್ಸೆಟ್ಟಿಗೆ ದನಿ ಕೊಟ್ಟವನು ರೇ ಲಿಯೊಟ್ಟಾ ಎಂಬ ದೊಡ್ಡ ನಟ ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ನಮ್ಮ ಟಾಮಿ ಬಾಯಿ ಆಡಿಸುತ್ತಿದ್ದ, ಸದ್ದು ಬರುತ್ತಿರಲಿಲ್ಲ. ಕೆಳಗೆ ಬರುವ ಇಂಗ್ಲಿಷ್ ಸಾಲು ಓದಿ ಹಿಂದೆ ನಿಂತವರಿಗೆ ಹೇಳುವ ಕೆಲಸ ನನ್ನದು. "ಈಗ ಇಂವ ಜೈಲಿನ್ಯಾಗಿಂದ ಬಂದಾನ. ಹದಿನೈದು ವರ್ಷ ಒಳಗಿದ್ದ." "ಯಾಕ?" "ಹಿಂದ ಒಂದು ಖೂನಿ ಕೇಸು." "ಯಾರ್ನ ಹೊಡದಿದ್ದ?" ಪ್ರತಿ ಉತ್ತರಕ್ಕೂ ಒಂದು ಹಿಂದಿನ ಕಥೆ ಬೇಕಾಗುತ್ತಿತ್ತು. ಗೊತ್ತಿದ್ದಷ್ಟು ಹೇಳುತ್ತಿದ್ದೆ, ಗೊತ್ತಿಲ್ಲದ್ದನ್ನು ಕಟ್ಟುತ್ತಿದ್ದೆ.

ದೊಡ್ಡಾಟದಲ್ಲಿ ಸಾರಥಿ ಮಾಡುವುದೂ ಇದನ್ನೇ. ಭುಜಕೀರ್ತಿ, ಕಿರೀಟ ಕಟ್ಟಿಕೊಂಡು ತೆರೆಯ ಹಿಂದಿನಿಂದ ಧುಮುಕಿದ ವೇಷವನ್ನು ಅವನು ಯುದ್ಧಕ್ಕೆ ಬಿಡುವುದಿಲ್ಲ. ಮೊದಲು ನೀವು ಯಾರು, ಯಾವ ದೇಶ, ಯಾರ ಮಗ ಎಂದು ಕೇಳುತ್ತಾನೆ. ಕಟ್ಟೆಯ ಮೇಲೆ ಕೂತ ಮುದುಕರಿಗೆ ಅದೆಲ್ಲ ಬಾಯಿಪಾಠ. ಆದರೂ ಕೇಳಿಸಿಕೊಳ್ಳುತ್ತಾರೆ. ಬಭ್ರುವಾಹನ ತಂದೆಯ ಎದುರು ನಿಲ್ಲುವ ಹೊತ್ತಿಗೆ ಅರ್ಜುನ ಅವನನ್ನು ತನ್ನ ಮಗನಲ್ಲವೆನ್ನುತ್ತಾನೆಂದು ಗೊತ್ತಿಲ್ಲದವರು ಆ ಬಯಲಲ್ಲಿ ಯಾರೂ ಇಲ್ಲ. ಗೊತ್ತಿದ್ದೇ ಬಂದಿರುತ್ತಾರೆ, ಚಳಿಯಲ್ಲಿ, ಕೌದಿ ಹೊದ್ದು.

ಈಗ ಫಿಲ್ ಕ್ಯಾಸಿಡಿಯ ವಿಷಯ. 2001ರ ಆಟದಲ್ಲಿ ಅವನು ಒಂದೇ ತೋಳಿನ ಬಂದೂಕು ವ್ಯಾಪಾರಿ. ಕೈ ಹೋದದ್ದು ನಿಕರಾಗುವಾ ಯುದ್ಧದಲ್ಲಿ ಎನ್ನುತ್ತಾನೆ. ಅವನ ಪರವಾಗಿ ಒಂದು ಗುಂಡಿನ ಕಾಳಗ ಆಡಿ ಮುಂದೆ ಹೋಗುತ್ತೇವೆ. ಮರುವರ್ಷದ ವೈಸ್ ಸಿಟಿಯಲ್ಲಿ ಇದೇ ಫಿಲ್ ಎರಡು ತೋಳಿನೊಂದಿಗೆ ಸಿಗುತ್ತಾನೆ. ಮನೆಯಲ್ಲೇ ಕಾಯಿಸಿದ ಕಳ್ಳಬಟ್ಟಿಯ ಅಮಲು, ಮೇಲೆ ಸಿಡಿಮದ್ದಿನ ಹುಚ್ಚು, ಕಣ್ಣೆದುರೇ ತೋಳು ಹಾರಿಹೋಗುತ್ತದೆ. ಅವನನ್ನು ವೈದ್ಯನ ಹತ್ತಿರ ಸಾಗಿಸುವ ಪಾಳಿ ನಮ್ಮದು. ಆ ಕಳ್ಳಬಟ್ಟಿಯ ಘಾಟಿಗೆ ಟಾಮಿಗೂ ತಲೆ ತಿರುಗಿ ತೆರೆಯೆಲ್ಲ ಓಲಾಡುತ್ತಿರುತ್ತದೆ, ಕಾರು ಹೇಳಿದ ಮಾತು ಕೇಳುವುದಿಲ್ಲ.

ನೋಡಿ, ಒಂದಕ್ಕೊಂದು ಕೂಡಿಬರುವುದಿಲ್ಲ ಎನ್ನುತ್ತಾರೆ ಪಟ್ಟಿ ಮಾಡುವವರು. ಬರೆಯುವವರು ಹಳೆಯದನ್ನು ಮರೆತರು, ಇದು ತಪ್ಪು, ಹೀಗಾಗಿಯೇ ಗೋಜಲು. ಅಯ್ಯೋ ಮಹಾರಾಯರೆ, ಫಿಲ್ ಸುಳ್ಳು ಹೇಳಿದ್ದಾನೆ! ಕುಡಿದು ಕೈ ಕಳೆದುಕೊಂಡವನು ಯುದ್ಧದಲ್ಲಿ ಹೋಯಿತೆಂದು ಹೇಳದೆ ಇನ್ನೇನು ಹೇಳುತ್ತಾನೆ? ಹಿಂದಿನ ಕಥೆ ಬಂದದ್ದರಿಂದಲೇ ಮೊದಲ ಆಟದ ಆ ಚಿಲ್ಲರೆ ಪಾತ್ರ ಮನುಷ್ಯನಾಯಿತು. ಬರೆದವರು ಇದನ್ನು ಬೇಕೆಂದೇ ಮಾಡಿದರೋ ಮರೆತು ಮಾಡಿದರೋ ನನಗೆ ಬೇಡ. ವೈಸ್ ಸಿಟಿ ಮುಗಿಸಿ ವಾಪಸು ಜಿಟಿಎ ತ್ರೀ ಹಾಕಿದ ದಿನ ಫಿಲ್ ನಿಕರಾಗುವಾ ಎಂದದ್ದೇ ನಾನು ನಗಲು ಹೋಗಿ ನಗಲಾಗದೆ ಕೂತೆ. ಅಂಥ ಒಬ್ಬರು ನಮ್ಮ ಓಣಿಯಲ್ಲೂ ಇದ್ದರು. ಅವರ ಕುಂಟುಕಾಲಿಗೆ ಮೂರು ಬೇರೆ ಬೇರೆ ಕಾರಣ ಕೇಳಿದ್ದೇವೆ, ಮೂರನ್ನೂ ನಂಬಿದ್ದೇವೆ.

ಆದರೆ ಈ ಸರಣಿಯಲ್ಲಿ ನನ್ನವನು ಎಂದರೆ ವಿಕ್ಟರ್ ವ್ಯಾನ್ಸ್. ತೀರ್ಪುಗಾರರು ಗೋಜಲಿಗೆ ಮೊದಲ ಸಾಕ್ಷಿಯಾಗಿ ನಿಲ್ಲಿಸುವುದೂ ಅವನನ್ನೇ.

ವೈಸ್ ಸಿಟಿಯ ಮೊದಲ ದೃಶ್ಯ ನೆನಪು ಮಾಡಿಕೊಳ್ಳಿ. ಬಂದರಿನಲ್ಲಿ ರಾತ್ರಿ ವ್ಯವಹಾರ. ಮಾಲು ತಂದ ಒಬ್ಬ, ಹೆಲಿಕಾಪ್ಟರಿನಲ್ಲಿ ಕಾಯುವ ಅವನ ಒಡಹುಟ್ಟಿದವನು ಲ್ಯಾನ್ಸ್. ಹೊಂಚು ಹಾಕಿದವರು ಗುಂಡು ಹಾರಿಸುತ್ತಾರೆ, ಮಾಲು ತಂದವನು ಬೀಳುತ್ತಾನೆ, ಹೆಲಿಕಾಪ್ಟರು ಎದ್ದುಹೋಗುತ್ತದೆ. ಅವನು ತೆರೆಯ ಮೇಲಿದ್ದದ್ದು ಒಂದು ನಿಮಿಷವೂ ಇಲ್ಲ. ನಮ್ಮ ನೆಟ್ ಸೆಂಟರಿನಲ್ಲಿ ಅವನಿಗೆ ಹೆಸರೂ ಇರಲಿಲ್ಲ. ಬೇಗ ಆಟ ಶುರುವಾಗಲಿ ಎಂದು ಎಂಟರ್ ಒತ್ತಿ ಆ ಸಾವನ್ನೇ ದಾಟಿಸುತ್ತಿದ್ದೆವು.

ನಾಲ್ಕು ವರ್ಷದ ನಂತರ ಇಡೀ ಒಂದು ಆಟ ಅವನ ಮೇಲೆ ಬಂತು. ವೈಸ್ ಸಿಟಿ ಸ್ಟೋರೀಸ್ ಕಂಪ್ಯೂಟರಿಗೆ ಬರಲಿಲ್ಲ, ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿಗೆ, ಆಮೇಲೆ ಪ್ಲೇಸ್ಟೇಷನ್ ಟೂಗೆ ಬಂತು. ಹಾಗಾಗಿ ನಮಗೆ ಅದು ಸಿಕ್ಕಿದ್ದು ಮೊಬೈಲಿನಲ್ಲಿ ಎಮ್ಯುಲೇಟರ್ ಹಾಕಿಕೊಳ್ಳುವುದು ಕಲಿತ ಮೇಲೆ. ಅಲ್ಲಿ ವಿಕ್ 1984ರ ಸೈನಿಕ. ಮನೆಯಲ್ಲಿ ಕಾಯಿಲೆಯ ಇನ್ನೊಬ್ಬ ಒಡಹುಟ್ಟಿದವನು, ಪೀಟ್. ಅವನ ಔಷಧಿಯ ಖರ್ಚಿಗೆಂದು ಪಟ್ಟಾಳಕ್ಕೆ ಸೇರಿದ್ದಾನೆ. ಮಾದಕ ಮಾಲು ಕಂಡರಾಗದು. ಮೇಲಿನ ಸಾರ್ಜೆಂಟ್ ಮಾರ್ಟಿನೆಜ್ ಸಣ್ಣ ಕೆಲಸ ಎಂದು ಹೇಳಿ ಮಾಲು ಅವನ ಮಂಚಕ್ಕೇ ತಂದಿಡುತ್ತಾನೆ, ನೌಕರಿ ಹೋಗುತ್ತದೆ. ಆಮೇಲೆ ಒಂದೊಂದೇ ಮೆಟ್ಟಿಲು ಕೆಳಕ್ಕೆ. ಪ್ರತಿ ಮೆಟ್ಟಿಲಲ್ಲೂ ಇದು ಕೊನೆಯದು ಎನ್ನುತ್ತಾನೆ. ಲೂಯಿಸ್ ಎಂಬ ಹೆಂಗಸು, ಫಿಲ್‌ನ ತಂಗಿ, ಹೊಡೆಯುವ ಗಂಡನ ಮನೆಯಿಂದ ಬಂದವಳು, ಅವನ ಬದುಕಿಗೆ ಹತ್ತಿರವಾಗುತ್ತಾಳೆ, ಅವನ ವೈರಿಗಳ ಕೈಗೆ ಸಿಕ್ಕಿ ಸಾಯುತ್ತಾಳೆ. ಕೊನೆಗೆ ವೈರಿಗಳನ್ನು ಮುಗಿಸಿ, ಈ ಮಾಲಿನ ಸಹವಾಸ ಸಾಕು ಎಂದು ಲ್ಯಾನ್ಸ್‌ಗೆ ಹೇಳಿ ಹೊರಡುತ್ತಾನೆ.

ಹಾಗಾದರೆ ಎರಡು ವರ್ಷದ ನಂತರ ಅದೇ ಮಾಲು ಹಿಡಿದು ಬಂದರಿನಲ್ಲಿ ಯಾಕೆ ನಿಂತಿದ್ದ? ಆಟ ಹೇಳುವುದಿಲ್ಲ. ಇದೇ ದೊಡ್ಡ ದೋಷವಂತೆ. ಬಂದರಿನಲ್ಲಿ ಸತ್ತವನು ವಿಕ್ ಅಲ್ಲವೇ ಅಲ್ಲ ಎಂದು ವಾದಿಸಿದವರೂ ಇದ್ದಾರೆ. ನನಗನಿಸುವುದು, ಇಡೀ ಸರಣಿಯಲ್ಲಿ ಬರೆಯದೆ ಬಿಟ್ಟ ಆ ಎರಡು ವರ್ಷಕ್ಕಿಂತ ಚೆನ್ನಾಗಿ ಬರೆದ ಭಾಗ ಇನ್ನೊಂದಿಲ್ಲ. ಬಿಡುತ್ತೇನೆ ಎಂದವನು ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದು ಕೇಳುವವನು ಸಾಲಕ್ಕೆ ಸಿಕ್ಕ ಮನೆಯನ್ನು, ಗುಳೆ ಹೋಗುವುದಿಲ್ಲ ಎಂದು ಆಣೆ ಹಾಕಿ ಮುಂದಿನ ಬೇಸಿಗೆಗೆ ಮತ್ತೆ ಪುಣೆಯ ಬಸ್ಸು ಹತ್ತಿದವನನ್ನು ಕಂಡಿರಲಿಕ್ಕಿಲ್ಲ. ಆ ಆಟದುದ್ದಕ್ಕೂ ವಿಕ್‌ನ ಕಾರು ಓಡಿಸುತ್ತ, ಅವನಿಗೆ ದುಡ್ಡು ಗಳಿಸಿಕೊಡುತ್ತ, ನಾನು ಅವನನ್ನು ಕರೆದೊಯ್ಯುತ್ತಿದ್ದದ್ದು ಎಂಟರ್ ಒತ್ತಿ ದಾಟಿಸಿದ ಆ ಬಂದರಿಗೇ. ಮೊದಲು ಸಾವು ತೋರಿಸಿ ಆಮೇಲೆ ಬದುಕು ಕೊಟ್ಟಾಗ ಮಾತ್ರ ಈ ಭಾರ ಬರುತ್ತದೆ. ತಾರೀಖಿನ ಪ್ರಕಾರ ಆಡಿದವನಿಗೆ ಅದು ಸಿಗುವುದಿಲ್ಲ, ಅವನಿಗೆ ಸಿಗುವುದು ಬರೀ ವಿವರ.

ಸ್ಯಾನ್ ಆಂಡ್ರಿಯಾಸಿನಲ್ಲೂ ಇಂಥದ್ದೊಂದು ಗಳಿಗೆ ಇದೆ. ನಾಯಕ ಸಿಜೆಯನ್ನು ಬಿಟ್ಟು ಅವನ ಗೆಳತಿ ಕ್ಯಾಟಲಿನಾ ಹೊಸ ಗೆಳೆಯನ ಜೊತೆ ಲಿಬರ್ಟಿ ಸಿಟಿಗೆ ಹೊರಡುತ್ತಾಳೆ. ಆ ಗೆಳೆಯ ಒಂದು ಮಾತೂ ಆಡುವುದಿಲ್ಲ. ಅವನು ಕ್ಲಾಡ್, ಮೊದಲ ಆಟದ ಮೂಕ ನಾಯಕ, ಬ್ಯಾಂಕ್ ದರೋಡೆಯ ಮಧ್ಯೆ ಅವಳ ಕೈಯಿಂದಲೇ ಗುಂಡು ತಿನ್ನಬೇಕಾದವನು. ಲಿಬರ್ಟಿ ಸಿಟಿ ಸ್ಟೋರೀಸ್ ಬಗ್ಗೆ ಹೇಳುವಂಥದ್ದು ಏನೂ ಇಲ್ಲ, ಬಿಡಿ.

ಮೆಟಲ್ ಗೇರ್ ಪಂಥದವರು ಇಲ್ಲಿ ಕೈ ಎತ್ತುತ್ತಾರೆ. ಅವರ ಸರಣಿಯೂ ಹಿಂದಕ್ಕೆ ಹೋಯಿತಲ್ಲ, ಅದಕ್ಕೂ ಇದೇ ಮಾಫಿಯೇ? 2004ರ ಮೂರನೆಯದಕ್ಕೆ ಮಾಫಿ ಬೇಡವೇ ಬೇಡ. 1964ರ ಕಾಡಿಗೆ ಹೋಗಿ, ಮುಂದೆ ಖಳನಾಗುವವನ ಕೈಯಿಂದ ಅವನ ಗುರುವನ್ನೇ ಕೊಲ್ಲಿಸಿದ ಆಟ ಅದು. ಕೊನೆಯ ಗುಂಡನ್ನು ಆಡುವವನೇ ಗುಂಡಿ ಒತ್ತಿ ಹೊಡೆಯಬೇಕು, ಒತ್ತದಿದ್ದರೆ ಆಟ ಕಾಯುತ್ತ ನಿಲ್ಲುತ್ತದೆ. 2015ರ ಐದನೆಯದರ ಮಾತೇ ಬೇರೆ. 1987ರ ಆಟದಲ್ಲಿ ಸೋತ ಅದೇ ಖಳ, ಬಿಗ್ ಬಾಸ್, 1990ರ ಆಟದಲ್ಲಿ ಮತ್ತೆ ಹೇಗೆ ಬಂದ ಎಂಬ ತೂತಿಗೆ ಇಪ್ಪತ್ತೆಂಟು ವರ್ಷದ ಮೇಲೆ ತೇಪೆ ಹಾಕಿದರು: ಮೊದಲನೆಯವನು ಅವನೇ ಅಲ್ಲ, ಮುಖ ಬದಲಿಸಿಕೊಂಡ ಇನ್ನೊಬ್ಬ. ಫಿಲ್‌ನ ತೋಳಿನಲ್ಲಿ ಸುಳ್ಳನ್ನು ಮೆಚ್ಚಿದವನು ಇಲ್ಲಿ ಯಾಕೆ ಮೂಗು ಮುರಿಯುತ್ತೀ ಎಂದು ಕೇಳಿದರೆ, ಹೌದು, ಮುರಿಯುತ್ತೇನೆ. ಫಿಲ್ ನನ್ನ ಊರಿನವನಂತಿದ್ದಾನೆ, ಇವನು ಪರೀಕ್ಷೆಯ ಉತ್ತರದಂತಿದ್ದಾನೆ. ನೆಟ್ ಸೆಂಟರಿನಲ್ಲಿ ಪ್ಲೇಸ್ಟೇಷನ್ ಇರಲಿಲ್ಲ ಎಂಬ ಹಳೆಯ ಹೊಟ್ಟೆಕಿಚ್ಚೂ ಇದರಲ್ಲಿ ಸೇರಿದ್ದರೆ ಸೇರಿರಲಿ.

ಈ ಜಗಳ ಆಟಗಳದ್ದಷ್ಟೇ ಆಗಿದ್ದರೆ ಇಷ್ಟು ಹೊತ್ತು ನಾನು ಬಾಯಿ ಹಾಕುತ್ತಿರಲಿಲ್ಲ. ಕನ್ನಡ ಓದಿದವರಿಗೆ ಈ ತೀರ್ಪು ಹಳೆಯ ಪರಿಚಯ. ಜೈನ ಕಾವ್ಯಗಳ ಬಗ್ಗೆ ತರಗತಿಯಲ್ಲಿ ಮೊದಲು ಕೇಳುವ ಮಾತೇ ಭವಾವಳಿಯ ಗೋಜಲು. ಪಂಪ 941ರಲ್ಲಿ ಆದಿಪುರಾಣ ಬರೆದು ಆದಿನಾಥನ ಹುಟ್ಟಿಗೆ ಬರುವ ಮೊದಲು ಅದೇ ಜೀವದ ಹಿಂದಿನ ಜನ್ಮಗಳನ್ನೆಲ್ಲ ಸುತ್ತಿ ಬಂದನಲ್ಲ, ಅದು ಧರ್ಮದ ಹೊರೆಯಂತೆ, ಓದುಗ ದಾಟಿ ಹೋಗಬೇಕಾದ ಕಾಡಂತೆ. ಪಠ್ಯಕ್ಕೆ ನೀಲಾಂಜನೆಯ ನೃತ್ಯ ಸಾಕು, ಭರತ–ಬಾಹುಬಲಿ ಸಾಕು. ಹಾಗಾದರೆ ವಜ್ರಜಂಘ ಶ್ರೀಮತಿಯರು ಎಲ್ಲಿದ್ದಾರೆ ಸ್ವಾಮಿ? ದೇವಲೋಕದಲ್ಲಿ ಲಲಿತಾಂಗ ಸ್ವಯಂಪ್ರಭೆಯರಾಗಿದ್ದ ಜೋಡಿ, ಭೂಮಿಯಲ್ಲಿ ಮತ್ತೆ ಹುಟ್ಟಿ, ಮತ್ತೆ ಕೂಡಿ, ಒಂದು ರಾತ್ರಿ ಕಿಟಕಿ ತೆರೆಯಲು ಆಳು ಮರೆತದ್ದಕ್ಕೆ ಧೂಪದ ಹೊಗೆಯಲ್ಲಿ ತಬ್ಬಿಕೊಂಡೇ ಸತ್ತ ಜೋಡಿ, ಭವಾವಳಿಯಲ್ಲೇ ಅಲ್ಲವೇ ಇರುವುದು? ಕಾಡು ಕಡಿದು ರಸ್ತೆ ಮಾಡಿದರೆ ಈ ಇಬ್ಬರೂ ರಸ್ತೆಯ ಕೆಳಗೆ ಹೋಗುತ್ತಾರೆ. ಕಾಂತಾರದ ಪೂರ್ವಕಥೆ 2025ರಲ್ಲಿ ಬಂದಾಗಲೂ ಮೊದಲನೆಯದು ಸರಳವಾಗಿತ್ತು ಎಂದು ನಿಟ್ಟುಸಿರಿಟ್ಟವರನ್ನು ಕಂಡೆ. ಸರಳ ಎಂಬ ಮಾತಿಗೆ ನಮ್ಮಲ್ಲಿ ಯಾವಾಗ ಇಷ್ಟು ಬೆಲೆ ಬಂತೋ.

ಸುರಪುರದವನಿಗೆ ಸರಳ ಕಥೆಯ ಹುಚ್ಚು ಹಿಡಿಯಬಾರದು. 1858ರ ರಾಜಾ ವೆಂಕಟಪ್ಪ ನಾಯಕನ ಕಥೆ ನೇರವಾಗಿ ಹೇಳಿದರೆ ಎರಡು ಸಾಲು: ಇಂಗ್ಲಿಷರ ವಿರುದ್ಧ ಎದ್ದ, ಸಿಕ್ಕ, ಬಂಧನದಲ್ಲೇ ಗುಂಡೇಟಿಗೆ ಸತ್ತ. ಭಾಷಣಕ್ಕೆ ಇಷ್ಟು ಸಾಕು. ಆದರೆ ಊರಿನ ಹಿರಿಯರನ್ನು ಕೇಳಿ ನೋಡಿ, ಅವರು 1705ರ ವಾಗಿನಗೇರಿಯಿಂದ ಶುರು ಮಾಡುತ್ತಾರೆ. ಔರಂಗಜೇಬ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ, ಕೋಟೆ ಬಿದ್ದರೂ ಕೈಗೆ ಸಿಗದೆ ಜಾರಿದ ಪಿಡ್ಡನಾಯಕ. ಅಲ್ಲಿಂದ ಟೇಲರ್ ಮಂಜಿಲ್‌ಗೆ ಬರುತ್ತಾರೆ. ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿ, ಹುಡುಗ ವೆಂಕಟಪ್ಪ ಅವನನ್ನು ಅಪ್ಪ ಎಂದು ಕರೆಯುತ್ತಿದ್ದ ಸಂಗತಿ. ಟೇಲರ್ ತನ್ನ ಆತ್ಮಕಥೆಯಲ್ಲೂ ಅದನ್ನು ಬರೆದಿದ್ದಾನೆ, 1877ರಲ್ಲಿ ಅಚ್ಚಾಯಿತು. ಸೆರೆಯಾದ ನಾಯಕನನ್ನು ನೋಡಲು ಬಂದವನೂ ಆ ಅಪ್ಪನೇ. ಈ ಹಿಂದಿನ ಕಥೆ ಗೊತ್ತಾದ ಮೇಲೆ ಆ ಎರಡು ಸಾಲು ಮೊದಲಿನಂತೆ ಓದಲು ಬರುವುದಿಲ್ಲ. ಗೋಜಲಾಗುತ್ತದೆ, ನಿಜ. ಆಗಲಿ ಎನ್ನುತ್ತೇನೆ.

ಇಷ್ಟನ್ನೂ ಅಳಿಯನಿಗೆ ಬಸ್ಸಿನಲ್ಲಿ ಹೇಳಿದೆನೆಂದಲ್ಲ. ಫಿಲ್‌ನ ತೋಳಿನವರೆಗೆ ಬಂದೆ, ಅವನು ಕಿವಿಯಿಂದ ಇಯರ್‌ಫೋನ್ ತೆಗೆದ. "ಅಂದ್ರ ಅಂವ ಸುಳ್ಳ ಹೇಳ್ಯಾನ?" "ಹೂಂ." "ಆಟದಾಗ ಎಲ್ಲೂ ಹಂಗ ಹೇಳಿಲ್ಲಲ್ಲ ಮಾಮಾ." "ಓಣ್ಯಾಗ ಯಾರರ ಹೇಳ್ತಾರೇನು?" ಅವನು ಒಪ್ಪಲಿಲ್ಲ. ಆದರೆ ನನ್ನ ಮೊಬೈಲ್ ಇಸಿದುಕೊಂಡು ವೈಸ್ ಸಿಟಿ ಸ್ಟೋರೀಸ್ ಮೊದಲಿನಿಂದ ಹಚ್ಚಿದ. ಬಂದರಿನ ದೃಶ್ಯ ನೋಡಿದ್ದೀಯಾ ಎಂದು ಕೇಳಿದೆ. ಅದನ್ನು ಸ್ಕಿಪ್ ಮಾಡ್ತಿದ್ದೆ ಅಂದ. ರಂಗಂಪೇಟೆಯಲ್ಲಿ ನಾವು ಇಳಿಯುವ ಹೊತ್ತಿಗೆ ವಿಕ್ ಇನ್ನೂ ಸಮವಸ್ತ್ರದಲ್ಲೇ ಇದ್ದ, ಸಾರ್ಜೆಂಟ್ ಅವನಿಗೆ ಸಣ್ಣದೊಂದು ಕೆಲಸ ಹೇಳುತ್ತಿದ್ದ.