ಕಮಲಾಪುರದ ಆಕಾಶವೂ ತೆರೆದ ಗಣಕವೂ

ಮನೆಯ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯನ್ನು ನೋಡಬೇಕೆನ್ನುವವರಿಗೆ 8 ಜಿಬಿಯ ಒಂದು ಪೆನ್‌ಡ್ರೈವ್ ಸಾಕು. ಲಿನಕ್ಸ್ ಮಿಂಟ್ ಎಂಬ ಆವೃತ್ತಿಯ ಫೈಲು ಸುಮಾರು 3 ಜಿಬಿ ಇದೆ. ಅದನ್ನು ಇಳಿಸಿಕೊಂಡು, ರೂಫಸ್ ಅಥವಾ ಎಚರ್ ಎಂಬ ಸಣ್ಣ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಬರೆದು, ಲ್ಯಾಪ್‌ಟಾಪ್ ಆನ್ ಮಾಡುವಾಗ ಎಫ್12 ಅಥವಾ ಆ ಕಂಪನಿ ಗೊತ್ತುಮಾಡಿದ ಕೀಲಿ ಒತ್ತಿದರೆ ಇಡೀ ವ್ಯವಸ್ಥೆ ಪೆನ್‌ಡ್ರೈವ್‌ನಿಂದಲೇ ಎದ್ದು ನಿಲ್ಲುತ್ತದೆ. ಒಳಗಿನ ಡಿಸ್ಕಿನಲ್ಲಿರುವ ಒಂದು ಫೋಟೊವನ್ನೂ ಅದು ಮುಟ್ಟುವುದಿಲ್ಲ. ವೈಫೈ ಹಿಡಿಯುತ್ತದೆಯೇ, ಧ್ವನಿ ಬರುತ್ತದೆಯೇ, ಪ್ರಿಂಟರ್ ಮಾತು ಕೇಳುತ್ತದೆಯೇ ಎಂದು ಸಾವಕಾಶವಾಗಿ ನೋಡಬಹುದು. ಬೇಡವೆನಿಸಿದರೆ ಪೆನ್‌ಡ್ರೈವ್ ತೆಗೆದರಾಯಿತು, ಹಳೆಯದು ಇದ್ದ ಹಾಗೇ ಇರುತ್ತದೆ. ಮೊದಲು ರುಚಿ ನೋಡಿ, ಆಮೇಲೆ ಮನಸ್ಸು ಮಾಡಿ ಎನ್ನುವ ಈ ಸೌಜನ್ಯ ನನಗೆ ಲಿನಕ್ಸಿನ ಮೊದಲ ಸೊಗಸಾಗಿ ಕಾಣುತ್ತದೆ.

ಎರಡನೆಯದು ಭಾಷೆ. ಲಿನಕ್ಸಿನ ಬೇರೆ ಆವೃತ್ತಿಗಳಾದ ಡೆಬಿಯನ್ ಅಥವಾ ಉಬುಂಟು ಸ್ಥಾಪಿಸಲು ಕೂತರೆ ಮೊದಮೊದಲೇ ಬರುವ ಭಾಷೆಗಳ ಪಟ್ಟಿಯಲ್ಲಿ ‘ಕನ್ನಡ’ ಎಂದು ಕನ್ನಡ ಲಿಪಿಯಲ್ಲೇ ಬರೆದಿರುತ್ತದೆ. ‘ಇದು ಕನ್ನಡದಾಗ ಬರ್ತದೇನ್ರಿ?’ ಎಂದು ನಮ್ಮ ಕಲಬುರಗಿ ಕಡೆಯವರು ಕೇಳುವ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಕೀಲಿಮಣೆಯ ಆಯ್ಕೆಗಳಲ್ಲಿ ಇನ್‌ಸ್ಕ್ರಿಪ್ಟ್ ಜತೆಗೆ ‘ಕಗಪ’ ವಿನ್ಯಾಸವೂ ಸಿಗುತ್ತದೆ. ಕನ್ನಡ ಗಣಕಲಿಪಿಯ ತಜ್ಞ ಕೆ.ಪಿ. ರಾವ್ ಅವರ ಚಿಂತನೆಯಿಂದ ಬಂದ, ‘ನುಡಿ’ ತಂತ್ರಾಂಶ ಬಳಸಿದವರ ಬೆರಳುಗಳಿಗೆ ಚಿರಪರಿಚಿತವಾದ ವಿನ್ಯಾಸ ಅದು. ಜಗತ್ತಿನ ಯಾವ ಊರಿನಲ್ಲಿ ಲಿನಕ್ಸ್ ಹಾಕಿಕೊಂಡರೂ ಅದು ಜತೆಗೇ ಬರುತ್ತದೆ.

‘ಸೂರ್ಯ’ ಎಂದು ನಿಧಾನವಾಗಿ ಟೈಪ್ ಮಾಡಿ ನೋಡಿ. ಉಚ್ಚಾರದಲ್ಲಿ ರಕಾರ ಮೊದಲು, ಯಕಾರ ಆಮೇಲೆ. ಬರವಣಿಗೆಯಲ್ಲಿ ಮಾತ್ರ ಯ ಮುಂದೆ ನಿಂತು ಅರ್ಕಾವತ್ತು ಅದರ ಹಿಂದೆ ಬರುತ್ತದೆ. ಗಣಕ ಅಕ್ಷರಗಳನ್ನು ಉಚ್ಚಾರದ ಕ್ರಮದಲ್ಲೇ ಇಟ್ಟುಕೊಂಡು, ಪರದೆಯ ಮೇಲೆ ಲಿಪಿಯ ಕ್ರಮದಲ್ಲಿ ಜೋಡಿಸುತ್ತದೆ. ‘ರಾಷ್ಟ್ರ’ ಎಂದರೆ ಒತ್ತಿನ ಕೆಳಗೆ ಇನ್ನೊಂದು ಒತ್ತನ್ನು ಕೂರಿಸುತ್ತದೆ. ಲಿನಕ್ಸಿನಲ್ಲಿ ಈ ಕುಸುರಿ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ತೆರೆದು, ನಮ್ಮ ಅರ್ಕಾವತ್ತಿನ ನಿಯಮವನ್ನು ಅದು ಹೇಗೆ ಪಾಲಿಸುತ್ತದೆಂದು ಸಾಲುಸಾಲಾಗಿ ಓದಬಹುದು.

ಹೀಗೆ ಒಳಗನ್ನು ತೋರಿಸುವ ಪದ್ಧತಿಗೆ ದೀರ್ಘ ಪರಂಪರೆಯಿದೆ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆಯನ್ನು ಸಾರಿದರು. ತಂತ್ರಾಂಶವನ್ನು ಬಳಸುವ, ಅಭ್ಯಸಿಸುವ, ಹಂಚುವ, ತಿದ್ದಿ ಹಂಚುವ ಸ್ವಾತಂತ್ರ್ಯ ಎಲ್ಲರದೂ ಎಂಬುದು ಅದರ ತಳಹದಿ. 1991ರ ಆಗಸ್ಟ್ 25ರಂದು ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಾನು ಬರೆಯುತ್ತಿದ್ದ ಪುಟ್ಟ ವ್ಯವಸ್ಥೆಯ, ಅಂದರೆ ಲಿನಕ್ಸಿನ, ಸುದ್ದಿ ತಿಳಿಸಿದರು. ಮರುವರ್ಷ ಅದನ್ನು ಗ್ನೂ ಪರವಾನಗಿಯಡಿ ಲೋಕಕ್ಕೆ ಬಿಟ್ಟುಕೊಟ್ಟರು. ಅದೇ 1991ರಲ್ಲಿ ಹೊರಬಂದ, ಜಗತ್ತಿನ ಲಿಪಿಗಳಿಗೆ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೂ ಜಾಗ ಸಿಕ್ಕಿತ್ತು. ಒಂದೇ ವರ್ಷ ಹುಟ್ಟಿದ ಈ ಎರಡು ಸಂಗತಿಗಳು ಮುಂದೆ ಜತೆಗೂಡಿದ್ದರಿಂದಲೇ ಇಂದು ಆಜ್ಞೆಗಳನ್ನು ಟೈಪ್ ಮಾಡುವ ಕಪ್ಪು ಟರ್ಮಿನಲ್ ಕಿಟಕಿಯಲ್ಲೂ ಕನ್ನಡದ ಕಡತ ತೆರೆಯುತ್ತದೆ.

ಆ ಟರ್ಮಿನಲ್‌ಗೆ ಹೆದರಬೇಕಿಲ್ಲ. ಅಲ್ಲಿನ ಸಣ್ಣ ಸಣ್ಣ ಆಜ್ಞೆಗಳು ಒಂದೊಂದೂ ಒಂದೇ ಕೆಲಸ ಮಾಡುತ್ತವೆ, ಅದನ್ನು ಚೊಕ್ಕವಾಗಿ ಮಾಡುತ್ತವೆ. ಸಾರ್ಟ್ ಅನುಕ್ರಮದಲ್ಲಿ ಜೋಡಿಸುತ್ತದೆ, ಯೂನಿಕ್ ಒಂದೇ ಬಗೆಯವನ್ನು ಕೂಡಿಸಿ ಎಣಿಸುತ್ತದೆ. ಇವುಗಳ ನಡುವೆ ನೆಟ್ಟಗಿನ ಒಂದು ಗೆರೆ ಹಾಕಿದರೆ ಒಂದರ ಉತ್ತರ ಇನ್ನೊಂದಕ್ಕೆ ಹರಿಯುತ್ತದೆ. ಈ ‘ಪೈಪ್’ ಡಗ್ ಮೆಕ್‌ಇಲ್‌ರಾಯ್ ಅವರ ಕಲ್ಪನೆ. 1973ರಲ್ಲಿ ಲಿನಕ್ಸಿಗೆ ಮಾದರಿಯಾದ ಯೂನಿಕ್ಸ್‌ಗೆ ಬಂದದ್ದು ಇವತ್ತಿಗೂ ಹಾಗೇ ಇದೆ. ಬಸವಣ್ಣನವರ ವಚನಗಳ ಕಡತವೊಂದನ್ನು ಪದಪದವಾಗಿ ಬಿಡಿಸಿ, ಜೋಡಿಸಿ, ಎಣಿಸಿ, ಹೆಚ್ಚು ಬಳಕೆಯಾದ ಪದಗಳನ್ನು ಮೇಲೆ ತರಲು ಒಂದೇ ಸಾಲು ಸಾಕಾಗುತ್ತದೆ. ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಕೆಲಸ ಮಾಡಿಸುವ ಭಾಷೆಗೆ ಕಾವ್ಯದ ಬಿಗಿ ಇದೆ.

ಈ ಸವಿ ಬೆಂಗಳೂರಿಗಷ್ಟೇ ಮೀಸಲಾಗಿರಲಿಲ್ಲ ಎಂಬುದು ನಮ್ಮ ರಾಜ್ಯದ ಹೆಮ್ಮೆ. ಕಳೆದ ದಶಕದಲ್ಲಿ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯೂ ಐಟಿ ಫಾರ್ ಚೇಂಜ್ ಸಂಸ್ಥೆಯೂ ಕೂಡಿ ವಿಷಯ ಶಿಕ್ಷಕರ ವೇದಿಕೆ ಎಂಬ ಕಾರ್ಯಕ್ರಮ ನಡೆಸಿದವು. ಸರಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರು ಉಬುಂಟುವಿನ ಮುಂದೆ ಕೂತು ಜಿಯೋಜಿಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ತ್ರಿಭುಜ ಎಳೆದು ತಿರುಗಿಸುವುದನ್ನೂ ಪಾಠದ ಸಾಮಗ್ರಿಯನ್ನು ತಾವೇ ಸಿದ್ಧಪಡಿಸುವುದನ್ನೂ ಕಲಿತರು. ಆ ತಂತ್ರಾಂಶಗಳನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಶಾಲೆಯ ಹತ್ತು ಗಣಕಗಳಿಗೆ ಹಾಕಿದರೂ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಪರವಾನಗಿಯೇ ಆ ಹಕ್ಕನ್ನು ಕೊಟ್ಟಿತ್ತು.

ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಹೀಗೆ ಶಿಕ್ಷಕರಿಗೆ ತರಬೇತಿ ಕೊಡುವ ಸಂಸ್ಥೆ ಡಯಟ್ ಇರುವುದು ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿ. ಅಲ್ಲಿ ಕಲಿತ ಶಿಕ್ಷಕರ ತರಗತಿಗೆ ಒಪ್ಪುವ ತಂತ್ರಾಂಶವೆಂದರೆ ನನಗೆ ಮೊದಲು ನೆನಪಾಗುವುದು ಸ್ಟೆಲ್ಲೇರಿಯಂ, ಆಕಾಶ ತೋರಿಸುವ ಮುಕ್ತ ತಂತ್ರಾಂಶ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಹೆಸರು ಹುಡುಕಿ ಒತ್ತಿದರೆ ತಾನೇ ಬಂದು ಕೂರುತ್ತದೆ. ಸ್ಥಳವನ್ನು ಕಲಬುರಗಿ ಎಂದು ಕೊಟ್ಟರೆ ಧ್ರುವ ನಕ್ಷತ್ರ ಉತ್ತರ ದಿಗಂತದಿಂದ ಸುಮಾರು 17 ಡಿಗ್ರಿ ಮೇಲೆ ಕಾಣುತ್ತದೆ. ನಮ್ಮ ಅಕ್ಷಾಂಶವೂ ಸುಮಾರು 17 ಡಿಗ್ರಿಯೇ. ಆ ಎರಡು ಸಂಖ್ಯೆಗಳು ಏಕೆ ಒಂದೇ ಎಂದು ಒಂಬತ್ತನೇ ತರಗತಿಯ ಹುಡುಗಿ ಕೇಳಿದಳೆಂದರೆ, ಭೂಗೋಳದ ಒಂದು ಇಡೀ ಪಾಠ ಆಗಿಹೋಗುತ್ತದೆ. ಅದೇ ಸಂಜೆ ಮಾಳಿಗೆ ಏರಿ ನಿಜವಾದ ನಕ್ಷತ್ರವನ್ನು ಅಳೆದೂ ನೋಡಬಹುದು.

ಇದಕ್ಕೆಲ್ಲ ಹೊಸ ಗಣಕವೇ ಬೇಕೆಂದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೊಸ ವಿಂಡೋಸ್ ಹಿಡಿಸದ ಗಣಕಗಳು ಎಷ್ಟೋ ಶಾಲೆ, ಮನೆ, ಅಂಗಡಿಗಳಲ್ಲಿವೆ. 4 ಜಿಬಿ ಮೆಮೊರಿ ಇದ್ದರೆ ಮಿಂಟ್ ಅವುಗಳಲ್ಲಿ ಸಲೀಸಾಗಿ ನಡೆಯುತ್ತದೆ. ಗುಜರಿಗೆ ಹಾಕುವ ಮೊದಲು ಒಮ್ಮೆ ಪೆನ್‌ಡ್ರೈವ್ ಹಚ್ಚಿ ನೋಡಿ. ಬಳಸುತ್ತಾ ಹೋದಂತೆ ಕನ್ನಡಕ್ಕೆ ಇನ್ನೂ ಬಾರದ ಮೆನು, ಒರಟಾದ ಅನುವಾದ ಅಲ್ಲಲ್ಲಿ ಎದುರಾಗುತ್ತವೆ. ಅವನ್ನು ತಿದ್ದುವ ಹಕ್ಕೂ ನಿಮ್ಮದೇ. ಕಲಬುರಗಿಯ, ಕಮಲಾಪುರದ ಮೇಷ್ಟ್ರುಗಳು, ವಿದ್ಯಾರ್ಥಿಗಳು ಆ ಕೆಲಸಕ್ಕೆ ಕೈಹಾಕಲಿ. ಇಲ್ಲಿ ತಿದ್ದಿದ ಒಂದು ಸಾಲು ಲಿನಕ್ಸನ್ನು ಕನ್ನಡದಲ್ಲಿ ಬಳಸುವ ಜಗತ್ತಿನ ಎಲ್ಲರ ಗಣಕಕ್ಕೂ ತಲುಪಬಲ್ಲುದು.