ಗಡ್ಡಪ್ಪನ ದನಿ

ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’ (2015) ಚಿತ್ರದ ಹೆಚ್ಚುಗಾರಿಕೆ ಅದರ ಕಿವಿಯಲ್ಲಿದೆ. ಬೀದಿ ಬದಿ ಕೂತು ಹೋಗಿಬರುವವರನ್ನೆಲ್ಲ ಕೆಣಕುವ ಸೆಂಚುರಿ ಗೌಡನ ಮಾತಿನಿಂದಲೇ ಮಂಡ್ಯದ ನೆಲ ನಮ್ಮೆದುರು ತೆರೆದುಕೊಳ್ಳುತ್ತದೆ. ಆ ಮಾತಿಗೆ ಹಾಸ್ಯದ ಒಗ್ಗರಣೆ ಹಾಕಿಲ್ಲ, ಬೈಗುಳವನ್ನು ತೊಳೆದು ಒಣಗಿಸಿಲ್ಲ. ಹಿನ್ನೆಲೆ ಸಂಗೀತ ಕಣ್ಣೀರಿಗೆ ಸನ್ನೆ ಮಾಡುವುದಿಲ್ಲ; ಕುರಿಗಳ ಸದ್ದು, ಹೆಜ್ಜೆಯ ಸಪ್ಪಳ, ಮಾತಿನ ನಡುವಿನ ಮೌನ ಇವೇ ಆ ಕೆಲಸ ಮಾಡುತ್ತವೆ.

ನಟರಲ್ಲದ ಹಳ್ಳಿಗರು ತಮ್ಮಂತೆ ತಾವಿದ್ದರಷ್ಟೆ, ಇದರಲ್ಲಿ ಕಲೆಯೇನು ಎಂದು ಕೇಳಬಹುದು. ಆದರೆ ಕ್ಯಾಮೆರಾ ಎದುರು ತಾನು ತಾನಾಗಿರುವುದೇ ಕಷ್ಟದ ವಿದ್ಯೆ. ಆ ನಿರಾಳತೆ ತಾನಾಗಿ ಒದಗುವುದಿಲ್ಲ. ಕತೆಗಾರ ಈರೇಗೌಡರು ಜನರನ್ನು ಪಾತ್ರಕ್ಕೆ ಬಗ್ಗಿಸದೆ, ಪಾತ್ರವನ್ನೇ ಜನರ ಅಳತೆಗೆ ಹೊಲಿದಿದ್ದಾರೆ. ಸೆಂಚುರಿ ಗೌಡನ ಮಗ ಗಡ್ಡಪ್ಪ ಕುರಿಗಾಹಿಗಳ ಜೊತೆ ಬೆಂಕಿಯ ಮುಂದೆ ಕೂತು ತನ್ನ ಬಾಳಿನ ಅತಿ ಆಳದ ಗಾಯವನ್ನು ಹೇಳುವ ದೃಶ್ಯ ನೋಡಿ: ಅದು ಮಳೆ ಬೆಳೆಯ ಮಾತಿನಷ್ಟೇ ಸಾದಾ. ನುರಿತ ನಟನಾಗಿದ್ದರೆ ಅಲ್ಲಿ ಅತ್ತುಬಿಡುವ ಆಸೆಯನ್ನು ತಡೆಯುವುದು ಕಷ್ಟವಿತ್ತು. ಗಡ್ಡಪ್ಪ ಅಳುವನ್ನು ನಮಗೆ ಬಿಟ್ಟು ಎದ್ದು ನಡೆಯುತ್ತಾನೆ.