ಆಶಾಭಗ್ನನ ದಿನಚರಿ: ವ್ಯಾಧಿಯೂ ವೃತ್ತಿಯೂ

1919ನೆಯ ಇಸವಿಯಲ್ಲಿ ಲಂಡನ್ನಿನಲ್ಲಿ ಪ್ರಕಟವಾದ 'ದಿ ಜರ್ನಲ್ ಆಫ್ ಎ ಡಿಸಪಾಯಿಂಟೆಡ್ ಮ್ಯಾನ್', ಎಂದರೆ 'ಆಶಾಭಗ್ನನ ದಿನಚರಿ', ಆಂಗ್ಲ ಗದ್ಯಸಾಹಿತ್ಯದಲ್ಲಿ ಒಂದು ವಿಲಕ್ಷಣ ಗ್ರಂಥ. ಕರ್ತೃವಿನ ಅಂಕಿತನಾಮ ಡಬ್ಲ್ಯೂ. ಎನ್. ಪಿ. ಬಾರ್ಬೆಲಿಯನ್, ನಿಜನಾಮ ಬ್ರೂಸ್ ಫ್ರೆಡರಿಕ್ ಕಮಿಂಗ್ಸ್. ಮುನ್ನುಡಿ ಎಚ್. ಜಿ. ವೆಲ್ಸನದು. ಓದಿದವರು ಇದನ್ನು ಕರುಣರಸಪ್ರಧಾನವೆಂದು ಎಣಿಸುವುದು ಸಹಜವೇ. ಆದರೆ ಆ ಎಣಿಕೆ ಸಾಧುವಲ್ಲವೆಂಬುದನ್ನೂ, ರಸನಿರ್ಣಯದಿಂದಲೇ ವೈದ್ಯಧರ್ಮದ ಪ್ರಶ್ನೆಯೊಂದು ತಿಳಿಯಾಗುವುದೆಂಬುದನ್ನೂ ಇಲ್ಲಿ ನಿರೂಪಿಸಲು ಯತ್ನಿಸುವೆನು.

ವೃತ್ತಾಂತವಿಷ್ಟು. ಬಾರ್ಬೆಲಿಯನನು 1889ರಲ್ಲಿ ಡೆವನ್ ಪ್ರಾಂತದ ಬಾರ್ನ್‌ಸ್ಟೇಪಲ್ಲಿನಲ್ಲಿ ಹುಟ್ಟಿದನು. ವಿಶ್ವವಿದ್ಯಾನಿಲಯದ ಮುಖವನ್ನು ಕಂಡವನಲ್ಲ. ಸ್ವಪ್ರಯತ್ನದಿಂದ ಪ್ರಾಣಿಶಾಸ್ತ್ರವನ್ನು ಕಲಿತು, ಸ್ಪರ್ಧಾಪರೀಕ್ಷೆಯಲ್ಲಿ ಗೆದ್ದು, 1912ರಲ್ಲಿ ಲಂಡನ್ನಿನ ಪ್ರಕೃತಿವಿಜ್ಞಾನದ ವಸ್ತುಸಂಗ್ರಹಾಲಯದಲ್ಲಿ ಉದ್ಯೋಗಕ್ಕೆ ಸೇರಿದನು. 1915ರ ಸೆಪ್ಟೆಂಬರಿನಲ್ಲಿ ವಿವಾಹವಾಯಿತು. ಆ ನವೆಂಬರಿನಲ್ಲಿ ಸೈನ್ಯದ ವೈದ್ಯಪರೀಕ್ಷೆಗೆಂದು ಹೋಗುವಾಗ ಅವನ ವೈದ್ಯನು ಮುದ್ರೆಯೊತ್ತಿದ ಪತ್ರವೊಂದನ್ನು ಕೊಟ್ಟಿದ್ದನು. ಪರೀಕ್ಷಕರು ಅವನನ್ನು ತಿರಸ್ಕರಿಸಿದರು. ಹಿಂದಿರುಗುವಾಗ ರೈಲಿನಲ್ಲಿ ಪತ್ರವನ್ನೊಡೆದು ಓದಿದನು. ಮಿದುಳು ಬೆನ್ನುಹುರಿಗಳಲ್ಲಿ ನರತಂತುಗಳ ಹೊದಿಕೆ ಅಲ್ಲಲ್ಲಿ ಕೆಟ್ಟು ಗಟ್ಟಿಗಟ್ಟುವ ರೋಗ, ಈಗ ಮಲ್ಟಿಪಲ್ ಸ್ಕ್ಲೆರೋಸಿಸ್ ಎನ್ನಿಸಿಕೊಳ್ಳುವುದು, ತನಗಿದೆಯೆಂದು ಅವನಿಗೆ ತಿಳಿದುದು ಹಾಗೆ. ಮನೆಯವರಿಗೆ ಅದು ಗೊತ್ತಿತ್ತು, ಮದುವೆಗೆ ಮೊದಲೇ ವಧುವಿಗೂ ಗೊತ್ತಿತ್ತು, ರೋಗಿಯೊಬ್ಬನಿಗೇ ಗೊತ್ತಿರಲಿಲ್ಲ. ಆಮೇಲೂ ದುಡಿದು, ಕೈಲಾಗದೆ 1917ರಲ್ಲಿ ಉದ್ಯೋಗವನ್ನು ಬಿಟ್ಟನು.

ಭರತಮುನಿಯು ವ್ಯಾಧಿಯನ್ನು ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಸೇರಿಸಿರುವನಷ್ಟೆ. ಅದು ಬರುವುದು, ಹೋಗುವುದು. ಸ್ಥಾಯಿಯಾಗಿ ನಿಲ್ಲುವುದು ಬೇರೊಂದು. ಈ ರೋಗದ ಸ್ವಭಾವವೂ ಬಹುಜನರಲ್ಲಿ ಮೊದಲಿಗೆ ಹಾಗೆಯೇ: ಉಲ್ಬಣಿಸುವುದು, ಶಮಿಸುವುದು, ಮತ್ತೆ ಮರಳುವುದು. ಹಾಗಾದರೆ ದಿನಚರಿಯಲ್ಲಿ ಸ್ಥಾಯಿ ಯಾವುದು? ಹದಿಮೂರನೆಯ ವಯಸ್ಸಿನ ಮೊದಲ ಪುಟದಿಂದ ಕೊನೆಯವರೆಗೆ ಬಿಡದಿರುವುದು ಅರಿಯಬೇಕು, ದುಡಿಯಬೇಕು ಎಂಬ ಉತ್ಸಾಹ. ಉತ್ಸಾಹವು ವೀರದ ಸ್ಥಾಯಿ, ಕರುಣದ್ದಲ್ಲ. ಕಚೇರಿಯ ಶುಷ್ಕ ಕೆಲಸವನ್ನು ಅವನೇ ಹಳಿಯುವನಲ್ಲ ಎನ್ನಬಹುದು. ದಿಟ, ಆದರೆ ಅದು ಹಿರಿದಾದ ಕೆಲಸದ ಹಸಿವೇ ಹೊರತು ಆಲಸ್ಯವಲ್ಲ. ಆತ್ಮಾನುಕಂಪೆಯ ಅತಿರೇಕವೂ ನಾನೆಂಬ ಮಾತಿನ ಪುನರುಕ್ತಿಯೂ ಕೃತಿಯ ದೋಷಗಳೆಂಬುದನ್ನು ಮಾತ್ರ ಒಪ್ಪಲೇಬೇಕು.

ಇನ್ನೊಂದು ಪ್ರಮಾಣವುಂಟು. ಲೇಖಕನು 1917ರ ಡಿಸೆಂಬರ್ 31ರಂದು ತೀರಿಕೊಂಡನೆಂದು ಗ್ರಂಥಾಂತ್ಯದಲ್ಲಿ ಬರೆದಿದೆ. ಇದು ಕಲ್ಪಿತ. ಅವನು ಅಚ್ಚಾದ ಪುಸ್ತಕವನ್ನು ಕಂಡು, 1919ರ ಅಕ್ಟೋಬರಿನಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ ಮಡಿದನು. ವೃತ್ತಿ ತಪ್ಪಿದ ವರ್ಷದಲ್ಲಿಯೇ ತನ್ನ ಮರಣವನ್ನು ಬರೆದುಕೊಂಡುದರಲ್ಲಿ ನನಗೆ ಕೇಳಿಸುವ ಧ್ವನಿ ಒಂದೇ: ಕೆಲಸ ಹೋದಾಗಲೇ ಆ ಬಾಳು ಹೋಯಿತು.

ವೈದ್ಯನು ಮರೆಮಾಚಿದುದು ದಯೆಯಿಂದಲ್ಲವೆ ಎಂಬುದು ಪೂರ್ವಪಕ್ಷ. ಅದಕ್ಕೆ ಚರಕಸಂಹಿತೆಯ ಬೆಂಬಲವೂ ಉಂಟು: ಸಮೀಪಿಸಿದ ಮರಣದ ಚಿಹ್ನೆಗಳನ್ನು ಕಂಡರೂ, ಕೇಳದಿದ್ದಲ್ಲಿ ವೈದ್ಯನು ಹೇಳಕೂಡದೆಂದು ಇಂದ್ರಿಯಸ್ಥಾನದಲ್ಲಿ ವಿಧಿಯಿದೆ. ಸಿದ್ಧಾಂತವಿದು: ಆ ವಿಧಿ ಆಸನ್ನಮರಣನ ವಿಷಯ. ಮುಂದೆ ವರ್ಷಗಟ್ಟಲೆ ದುಡಿಯಬೇಕಾದವನಿಗೆ ಅದು ಸಲ್ಲದು. ಅದೇ ಸಂಹಿತೆಯ ಸೂತ್ರಸ್ಥಾನದಲ್ಲಿ ರೋಗಿಯು ಚಿಕಿತ್ಸೆಯ ನಾಲ್ಕು ಪಾದಗಳಲ್ಲೊಂದು. ತನ್ನ ರೋಗವನ್ನು ತಿಳಿಯಹೇಳಬಲ್ಲ ಶಕ್ತಿ ಅವನ ಗುಣಗಳಲ್ಲೊಂದು. ಕತ್ತಲೆಯಲ್ಲಿರಿಸಿದವನು ಏನನ್ನು ತಿಳಿಯಹೇಳಿಯಾನು? ತನ್ನ ಮೇಲಧಿಕಾರಿಯನ್ನು ಏನೆಂದು ಕೇಳಿಯಾನು?

ಅಂದು ಹೇಳಿದ್ದರೂ ಕೊಡಲು ಮದ್ದಿರಲಿಲ್ಲ, ನಿಜ. ಇಂದು ಸ್ಥಿತಿ ಬೇರೆ. ಕಾಂತಬಿಂಬನದಿಂದ ರೋಗವನ್ನು ಬೇಗ ಗುರುತಿಸಬಹುದು. ಉಲ್ಬಣಗಳನ್ನು ಕಡಮೆಮಾಡುವ ಔಷಧಗಳು 1993ರಿಂದ ಬಳಕೆಗೆ ಬಂದಿವೆ. ಬ್ರಿಟನ್ನಿನಲ್ಲಿ 2010ರ ಸಮಾನತಾ ಕಾಯಿದೆಯಂತೆ ರೋಗನಿರ್ಣಯವಾದ ದಿನದಿಂದಲೇ ರೋಗಿಗೆ ರಕ್ಷಣೆಯುಂಟು; ಯುಕ್ತವಾದ ಮಾರ್ಪಾಟುಗಳನ್ನು ಮಾಡಿಕೊಡುವುದು ಉದ್ಯೋಗದಾತನ ಕರ್ತವ್ಯ. ಈ ರೋಗದ ಆಯಾಸ ಹೊರಗಿನವರ ಕಣ್ಣಿಗೆ ಕಾಣದು. ಸೆಕೆಯಲ್ಲಿ ಅನೇಕರಿಗೆ ಬಾಧೆ ಹೆಚ್ಚುವುದು. ನಡುವೆ ವಿಶ್ರಾಂತಿ, ತಂಪಾದ ಕೊಠಡಿ, ಹೊತ್ತಿನ ಹೊಂದಾಣಿಕೆ, ಮನೆಯಿಂದ ಕೆಲಸ: ಇಂಥ ಅಲ್ಪಸಾಧನಗಳೇ ಎಷ್ಟೋ ಸಲ ಉದ್ಯೋಗವನ್ನು ಉಳಿಸಬಲ್ಲವು. ಆದರೆ ಇವುಗಳಲ್ಲಿ ಯಾವುದು ಯಾರಿಗೆ ಬೇಕೆಂಬುದು, ನಾಡಿ ಹಿಡಿದ ವೈದ್ಯನು 'ನಿಮ್ಮ ಕೆಲಸವೇನು?' ಎಂದು ಕೇಳಿದಲ್ಲದೆ ಹೊರಬೀಳದು. ರೋಗಿಗೆ ತಿಳಿಯದ ನಿರ್ಣಯದಿಂದ ಕಾಯಿದೆಯ ರಕ್ಷಣೆಯೂ ಅವನ ಕೈಗೆ ಬಾರದು.

ಆದ್ದರಿಂದ ಈ ದಿನಚರಿಯನ್ನು ಪಾಠಹೇಳುವವರು ಶಿಷ್ಯರ ಕಣ್ಣೀರಿಗೆ ತೃಪ್ತರಾಗಬಾರದು. ವೀರನೊಬ್ಬನ ಕೈಯಿಂದ ಆಯುಧ ಜಾರಿದಾಗ, ಅದನ್ನು ಎತ್ತಿಕೊಡಬಲ್ಲವರು ಪತ್ರಕ್ಕೆ ಮುದ್ರೆಯೊತ್ತುತ್ತ ಕುಳಿತಿದ್ದರೆಂಬುದನ್ನೂ ಕಾಣಿಸಬೇಕು.